ಹಾಲಿನ ತಕ್ಕಡಿಯೂ ಗಣಕದ ಎರಡನೆಯ ದ್ವಾರವೂ

ಕೊಪ್ಪಳ ಜಿಲ್ಲೆಯ ಕುಕನೂರಿನಿಂದ ಇಟಗಿಯ ಕಡೆಗೆ ಹೊರಟವರ ಎರಡೂ ಮಗ್ಗುಲಿಗೆ ಹಬ್ಬಿರುವ ಎರೆಹೊಲಗಳ ಮೇಲಣ ಮಂಜು ಇನ್ನೂ ಕರಗದಿರುವ ಮಾಗಿಯ ಮುಂಜಾವದಲ್ಲಿ, ಈ ಸೀಮೆಯಲ್ಲಿ ಹಾಲಿನ ಡೇರಿಯುಳ್ಳ ಯಾವ ಊರನ್ನು ಹೊಕ್ಕರೂ ಕಣ್ಣಿಗೆ ಬೀಳುವ ನೋಟ ಹೆಚ್ಚುಕಡಮೆ ಒಂದೇ ಆಗಿರುತ್ತದೆ. ಕಂಬಳಿ ಹೊದ್ದ ಮುದುಕರು, ಸೆರಗನ್ನು ತಲೆಯ ಮೇಲೆಳೆದುಕೊಂಡ ಹೆಂಗಸರು, ಶಾಲೆಯ ಗಂಟೆಗೆ ಮುನ್ನ ಮನೆಯ ಹಾಲನ್ನು ಹಾಕಿ ಓಡಬೇಕೆಂಬ ಆತುರದ ಹುಡುಗರು, ಕ್ಯಾನುಗಳನ್ನೂ ತಂಬಿಗೆಗಳನ್ನೂ ಹಿಡಿದು ಪಾಳಿಯಲ್ಲಿ ನಿಂತಿರುತ್ತಾರೆ. ತಕ್ಕಡಿಯ ಮೇಲಣ ಪಾತ್ರೆಗೆ ಹಾಲು ಬೀಳುತ್ತಲೇ ಕೆಂಪು ಅಂಕೆಗಳು ಕ್ಷಣಕಾಲ ತುಯ್ದು ನಿಲ್ಲುತ್ತವೆ, ಸಣ್ಣ ಬಟ್ಟಲಿನಲ್ಲಿ ತೆಗೆದ ಮಾದರಿಯನ್ನು ಪಕ್ಕದ ಯಂತ್ರದ ಕೊಳವೆ ಹೀರಿಕೊಂಡು ಕೊಬ್ಬಿನ ಪ್ರಮಾಣವನ್ನು ತೋರಿಸುತ್ತದೆ, "ಫ್ಯಾಟ್ ಎಷ್ಟ್ ಬಂತ್ರೀ?" ಎಂಬ ಪ್ರಶ್ನೆಗೆ ಕಾರ್ಯದರ್ಶಿ ಉತ್ತರ ಹೇಳುವಷ್ಟರಲ್ಲಿ ಪುಟ್ಟ ಪ್ರಿಂಟರು ಕಿರುಚೀಟಿಯೊಂದನ್ನು ಹೊರಗೆ ನೂಕಿರುತ್ತದೆ.

ಆ ಚೀಟಿಯಲ್ಲಿ ಲೀಟರು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ), ದರ, ಮೊತ್ತ ಇವಿಷ್ಟೇ ಇರುತ್ತವೆ. ಆದರೆ ಮಳೆಯನ್ನು ನೆಚ್ಚಿದ ಒಣಬೇಸಾಯದ ನಾಡಿನಲ್ಲಿ, ಬೆಳೆ ಕೈಕೊಟ್ಟ ವರ್ಷದಲ್ಲಿಯೂ ಮನೆಗೆ ತಪ್ಪದೆ ಬರುವ ನಗದು ಹಣಗಳಲ್ಲಿ ಹಾಲಿನದು ಮುಖ್ಯವಾದುದರಿಂದ, ಆ ಅಂಕೆಗಳಲ್ಲಿ ಒಂದು ದಶಾಂಶ ಆಚೀಚೆಯಾದರೂ ಅದು ಒಂದು ಸಂಸಾರದ ಲೆಕ್ಕವನ್ನೇ ಅಲುಗಿಸುತ್ತದೆ. ತಕ್ಕಡಿ, ಪರೀಕ್ಷಾಯಂತ್ರ, ಪ್ರಿಂಟರು ಈ ಮೂರೂ ಒಂದು ಗಣಕದೊಡನೆ ಮಾತನಾಡಬೇಕು. ಮಾತನಾಡುವ ದಾರಿಗೆ ಸೀರಿಯಲ್ ಪೋರ್ಟ್ ಎಂದು ಹೆಸರು. ಇಂದು ಬಳಕೆಯಲ್ಲಿರುವ ಇಂತಹ ಗಣಕಗಳಲ್ಲಿ ಹಲವು ಬಿಚ್ಚಿ ನೋಡಲಾಗದ ಮುಚ್ಚಿದ ಪೆಟ್ಟಿಗೆಗಳು. ಅದೇ ಕೆಲಸವನ್ನು ಅಂಗೈಯಗಲದ, ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ನಡೆಸುವ ಏಕಫಲಕ ಗಣಕವೊಂದು ಮಾಡಬಲ್ಲದಾದರೂ, ಅದನ್ನು ತಂದು ಮೇಜಿನ ಮೇಲಿಟ್ಟವರಿಗೆ ಎದುರಾಗುವ ಮೊದಲನೆಯ ತೊಡಕು ಇದು: ಯಂತ್ರಗಳು ಮೂರು, ಹೊರಗೆ ಕಾಣುವ ಸೀರಿಯಲ್ ದ್ವಾರ ಒಂದೇ. ಉಳಿದ ದ್ವಾರಗಳು ಎಲ್ಲಿವೆ, ಅವನ್ನು ತೆರೆಯುವ ಬಗೆ ಹೇಗೆ ಎಂಬುದನ್ನು ಬಲ್ಲವರು ಬೆಂಗಳೂರಿನಲ್ಲಿದ್ದರೆ ಸಾಲದು, ತಾಲ್ಲೂಕಿಗೆ ಹತ್ತು ಜನರಾದರೂ ಇರಬೇಕು ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಒಂದರ ಹಿಂದೊಂದು

ಗಣಕದೊಳಗೆ ಒಂದು ಆಂಗ್ಲ ಅಕ್ಷರವೆಂದರೆ ಎಂಟು ಬಿಟ್‌ಗಳ, ಅಂದರೆ ಸೊನ್ನೆ ಅಥವಾ ಒಂದು ಎಂಬ ಎಂಟು ಸಂಕೇತಗಳ, ಗುಂಪು. ಎಂಟು ತಂತಿಗಳನ್ನೆಳೆದು ಎಂಟನ್ನೂ ಏಕಕಾಲಕ್ಕೆ ಕಳುಹಬಹುದು. ಇಲ್ಲವೆ ಒಂದೇ ತಂತಿಯ ಮೇಲೆ, ಡೇರಿಯ ಬಾಗಿಲಿನಲ್ಲಿ ನಿಂತ ಪಾಳಿಯಂತೆ, ಒಂದರ ಹಿಂದೊಂದನ್ನು ಸಾಗಿಸಬಹುದು. ಈ ಎರಡನೆಯ ಕ್ರಮವೇ ಸೀರಿಯಲ್. ಇದಕ್ಕೆ ಕಳುಹುವ ತಂತಿಯೊಂದು, ಸ್ವೀಕರಿಸುವ ತಂತಿಯೊಂದು, ಎರಡಕ್ಕೂ ಸಾಮಾನ್ಯವಾದ ಗ್ರೌಂಡ್ ತಂತಿಯೊಂದು, ಒಟ್ಟು ಮೂರೇ ಸಾಕು.

ಬಿಟ್‌ಗಳು ಯಾವಾಗ ಆರಂಭವಾದುವು, ಯಾವಾಗ ಮುಗಿದುವು ಎಂಬುದನ್ನು ಸಾರಲು ಬೇರೆ ತಂತಿಯೇ ಇಲ್ಲವಾದುದರಿಂದ ಆ ಸೂಚನೆಯೂ ಅದೇ ಸಾಲಿನಲ್ಲಿ ಬರಬೇಕಾಗುತ್ತದೆ. ಸುಮ್ಮನಿರುವಾಗ ತಂತಿಯ ಮೇಲೆ ವಿದ್ಯುತ್ತಿನ ಮಟ್ಟ ಎತ್ತರದಲ್ಲಿರುತ್ತದೆ. ಅದು ಥಟ್ಟನೆ ಇಳಿದರೆ ಆರಂಭದ ಬಿಟ್ ಎಂದರ್ಥ. ತರುವಾಯ ಎಂಟು ಬಿಟ್‌ಗಳು. ಕೊನೆಗೆ ಮಟ್ಟವನ್ನು ಮತ್ತೆ ಮೇಲಕ್ಕೇರಿಸುವ ಮುಕ್ತಾಯದ ಬಿಟ್. 9600 ಎಂಬ ವೇಗದಲ್ಲಿ ಒಂದೊಂದು ಬಿಟ್ ಸುಮಾರು 104 ಮೈಕ್ರೋಸೆಕೆಂಡುಗಳ ಕಾಲ ನಿಲ್ಲುತ್ತದೆ. ಅಕ್ಷರವೊಂದಕ್ಕೆ ಹತ್ತು ಬಿಟ್‌ಗಳಂತೆ ಸೆಕೆಂಡಿಗೆ 960 ಅಕ್ಷರಗಳು ಸಾಗುತ್ತವೆ. ತಕ್ಕಡಿಯೊಂದು ತನ್ನ ತೂಕವನ್ನು ಹತ್ತು ಅಕ್ಷರಗಳ ಒಂದು ಸಾಲಿನಲ್ಲಿ ಹೇಳುವುದಾದರೆ, ಅದು ಹೇಳಿ ಮುಗಿಸುವುದಕ್ಕೆ ಸೆಕೆಂಡಿನ ನೂರನೆಯ ಒಂದು ಪಾಲಿಗಿಂತ ತುಸುವೇ ಹೆಚ್ಚು ಹೊತ್ತು ಹಿಡಿಯುತ್ತದೆ.

ಸ್ವೀಕರಿಸುವ ಕಡೆಯು ಆರಂಭದ ಬಿಟ್ಟನ್ನು ಕಂಡೊಡನೆ ತನ್ನದೇ ಗಡಿಯಾರವನ್ನು ಹಿಡಿದು, ಒಂದೊಂದು ಬಿಟ್ಟಿನ ನಟ್ಟನಡುವೆ ತಂತಿಯ ಮಟ್ಟವನ್ನು ನೋಡಿ ಬರೆದುಕೊಳ್ಳುತ್ತ ಹೋಗುತ್ತದೆ. ಎರಡು ಕಡೆಯ ವೇಗಗಳು ಒಂದೇ ಎಂದು ಮೊದಲೇ ಒಪ್ಪಂದವಾಗಿರದಿದ್ದರೆ ಅಂಕೆಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ತೆರೆಯ ಮೇಲೆ ಸುರಿಯುತ್ತವೆ. ರಿಪೇರಿಯವರು ಯಂತ್ರವನ್ನು ಮುಟ್ಟುವ ಮುನ್ನ "ಬಾಡ್ ರೇಟ್ ಎಷ್ಟು?" ಎಂದು ಕೇಳುವುದು ಈ ಕಾರಣದಿಂದ. ಈ ಎಣಿಕೆಯ ಕೆಲಸವನ್ನೆಲ್ಲ ಮಾಡುವ ಗಣಕದೊಳಗಿನ ಪುಟ್ಟ ಮಂಡಲಕ್ಕೆ ಯುಎಆರ್‌ಟಿ ಎಂದು ಹೆಸರು.

ಈ ಪದ್ಧತಿಯ ಮೂಲ ಟೆಲಿಗ್ರಾಫಿನ ಕಾಲದ್ದು. 2013ರ ಜುಲೈ ತಿಂಗಳಿನಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತುಹೋಯಿತಾದರೂ, ತಂತಿಯ ಮೇಲೆ ಅಕ್ಷರಗಳನ್ನು ಬಿಡಿಬಿಡಿಯಾಗಿ ಕಳುಹಿದ ಫ್ರಾನ್ಸಿನ ಎಮಿಲ್ ಬೋದೋನ ಹೆಸರು ಬಾಡ್ ಎಂಬ ವೇಗದ ಅಳತೆಯಲ್ಲಿ ಇನ್ನೂ ಉಳಿದಿದೆ; ಲಿನಕ್ಸ್ ತನ್ನ ಸೀರಿಯಲ್ ದ್ವಾರಗಳಿಗೆಲ್ಲ ಇಂದಿಗೂ ‘ಟಿಟಿವೈ’ ಎಂದು ಆರಂಭವಾಗುವ ಹೆಸರಿಡುವುದು ಟೆಲಿಟೈಪ್ ಯಂತ್ರಗಳ ನೆನಪಿನಿಂದ. 1960ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆರ್‌ಎಸ್-232 ಎಂಬ ನಿಯಮಾವಳಿ ಇಂದಿನ ತಕ್ಕಡಿಗಳ ಬೆನ್ನಿನ ಮೇಲಣ ಒಂಬತ್ತು ಪಿನ್ನುಗಳ ಸಾಕೆಟ್ಟಿನಲ್ಲಿಯೂ ಜೀವಂತವಾಗಿದೆ. ಅರುವತ್ತು ವರ್ಷಗಳನ್ನು ಮೀರಿದರೂ ಇದು ಅಳಿಯದಿರುವುದಕ್ಕೆ ಕಾರಣ ಸರಳವಾದುದು: ಇಷ್ಟು ಕಡಮೆ ತಂತಿ, ಕಡಮೆ ಖರ್ಚು, ಕಡಮೆ ತಿಳಿವಳಿಕೆಯಿಂದ ಎರಡು ಯಂತ್ರಗಳನ್ನು ಕೂಡಿಸಬಲ್ಲ ಉಪಾಯಗಳು ವಿರಳ.

ಅಂಗೈಯಗಲದ ಗಣಕ

ಹಳ್ಳಿಗೆ ಬೇಕಾದ ಗಣಕ ಚಿಕ್ಕದೂ ಅಗ್ಗವೂ ಮುಕ್ತವೂ ಆಗಿರಬೇಕೆಂಬ ಆಲೋಚನೆ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮೊದಲಾದ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ರೂಪಿಸಿದ ಸಿಂಪ್ಯೂಟರ್, 2001ರ ಹೊತ್ತಿಗೆ ಲೋಕದ ಗಮನವನ್ನೇ ಸೆಳೆದಿದ್ದಿತು. ಅದು ಲಿನಕ್ಸ್ ನಡೆಸುತ್ತಿದ್ದ, ಕೈಯಲ್ಲಿ ಹಿಡಿಯಬಹುದಾದ ಗಣಕ; ಅದರ ವಿನ್ಯಾಸವನ್ನು ಗುಟ್ಟಾಗಿಡದೆ ಪರವಾನಗಿಯ ಮೂಲಕ ಇತರರಿಗೂ ತೆರೆದಿಡಲಾಗಿತ್ತು; ಓದಲು ಬಾರದವರಿಗೆ ಬರಹವನ್ನು ಓದಿ ಹೇಳುವ ತಂತ್ರಾಂಶವೂ ಅದರೊಡನೆ ಬೆಳೆಯಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ ಅಮಿಡಾ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದಿತಾದರೂ ನೆಲೆಯೂರಲಿಲ್ಲ. ಅಷ್ಟು ಸತ್ತ್ವಯುತವಾದ ಪ್ರಯತ್ನ ಇಷ್ಟು ಬೇಗ ಮರೆತುಹೋದುದು ನಮ್ಮ ದೌರ್ಭಾಗ್ಯವೆಂದೇ ನಾನು ಭಾವಿಸುತ್ತೇನೆ.

ಆ ಆಸೆ ಬೇರೊಂದು ರೂಪದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕೈಗೂಡಿತು. 2012ರ ಫೆಬ್ರವರಿ 29ರಂದು, ಶಾಲೆಯ ಮಕ್ಕಳಿಗೆ ಗಣಕದ ಒಳಗನ್ನು ಕಲಿಸುವ ಉದ್ದೇಶದಿಂದ, 35 ಡಾಲರ್ ಬೆಲೆಗೆ ಹೊರಬಂದ ರಾಸ್ಪ್‌ಬೆರಿ ಪೈ ಎಂಬ ಹಲಗೆಯು ಇಂದು ಕಾಲೇಜುಗಳ ಪ್ರಯೋಗಶಾಲೆಗಳಿಂದ ಕಾರ್ಖಾನೆಗಳ ಪರ್ಯಂತ ಎಲ್ಲೆಲ್ಲಿಯೂ ಕಾಣಸಿಗುತ್ತದೆ. ಅದರ ಒಂದು ಅಂಚಿನಲ್ಲಿ ಎರಡು ಸಾಲುಗಳಲ್ಲಿ ನಿಂತಿರುವ 40 ಪಿನ್ನುಗಳು ಹೊರಲೋಕದೊಡನೆ ಅದಕ್ಕಿರುವ ಒಂದು ಸಂಪರ್ಕ. ಅವುಗಳಲ್ಲಿ 8 ಮತ್ತು 10ನೆಯವು ಸೀರಿಯಲ್ ದ್ವಾರಕ್ಕೆ ಮೊದಲಿನಿಂದಲೂ ಮೀಸಲು.

ತೊಡಕು ತಲೆದೋರಿದುದು 2016ರ ಮೂರನೆಯ ಮಾದರಿಯಲ್ಲಿ. ಬ್ಲೂಟೂತ್ ಸೌಕರ್ಯವನ್ನು ಹಲಗೆಯಲ್ಲಿಯೇ ಸೇರಿಸಿದಾಗ, ಇದ್ದ ಎರಡು ಯುಎಆರ್‌ಟಿಗಳಲ್ಲಿ ಉತ್ತಮವಾದುದನ್ನು ಅದಕ್ಕೆ ಕೊಟ್ಟು, ಕಿರಿಯದನ್ನು ಪಿನ್ನುಗಳ ಕಡೆಗೆ ತಿರುಗಿಸಿದರು. ಈ ಕಿರಿಯ ಯುಎಆರ್‌ಟಿಯ ವೇಗವು ಸಂಸ್ಕಾರಕದ ಒಳಗಡಿಯಾರವನ್ನು ಆಶ್ರಯಿಸಿರುವುದರಿಂದ, ಆ ಗಡಿಯಾರವನ್ನು ಒಂದೇ ವೇಗದಲ್ಲಿ ನಿಲ್ಲಿಸದ ಹೊರತು, ಗಣಕಕ್ಕೆ ಕೆಲಸ ಹೆಚ್ಚಾದಾಗ ಸೀರಿಯಲ್ ಮಾತುಗಳೂ ತೊದಲತೊಡಗುತ್ತವೆ. 2019ರ ನಾಲ್ಕನೆಯ ಮಾದರಿಯಲ್ಲಿ ಈ ಬಡತನ ನೀಗಿತು. ಅದರ ಮುಖ್ಯ ಚಿಪ್ಪಿನೊಳಗೆ ಒಟ್ಟು ಆರು ಯುಎಆರ್‌ಟಿಗಳಿವೆ. ಹೊಸದಾಗಿ ಸೇರಿದ ನಾಲ್ಕೂ ಉತ್ತಮ ಜಾತಿಯವೇ. ಆದರೆ ಯಾರಾದರೂ ಕೇಳುವತನಕ ಅವು ಹೊರಗೆ ಕಾಣಿಸಿಕೊಳ್ಳುವುದಿಲ್ಲ.

ಅಡಗಿದ ದ್ವಾರವನ್ನು ತೆರೆಯುವ ಬಗೆ

ಕಾಣಿಸಿಕೊಳ್ಳದಿರುವುದಕ್ಕೆ ಕಾರಣ ಪಿನ್ನುಗಳ ಕೊರತೆ. ಒಂದೊಂದು ಪಿನ್ನಿಗೂ ಹಲವು ಕೆಲಸಗಳನ್ನು ಕಲಿಸಿಟ್ಟಿರುತ್ತಾರೆ: ಅದು ದೀಪವನ್ನು ಹತ್ತಿಸಬಲ್ಲದು, ಉಷ್ಣಮಾಪಕವನ್ನು ಓದಬಲ್ಲದು, ಸೀರಿಯಲ್ ತಂತಿಯೂ ಆಗಬಲ್ಲದು, ಆದರೆ ಒಂದು ಹೊತ್ತಿಗೆ ಒಂದೇ ಕೆಲಸ. ಯಾವ ಪಿನ್ನು ಯಾವ ಕೆಲಸಕ್ಕೆ ಎಂಬುದನ್ನು ಲಿನಕ್ಸಿಗೆ ತಿಳಿಸುವುದಕ್ಕೆ ಡಿವೈಸ್ ಟ್ರೀ ಎಂಬ ವಿವರಪಟ್ಟಿಯೊಂದಿದೆ. ಮೊದಲು ಈ ವಿವರಗಳನ್ನು ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿಯೇ ಹಲಗೆಗೊಂದರಂತೆ ಬರೆದು ತುರುಕುತ್ತಿದ್ದರು. ಹಲಗೆಗಳು ನೂರಾರಾಗಿ ಆ ರಾಶಿ ನಿರ್ವಹಿಸಲಾಗದಷ್ಟು ಬೆಳೆದಾಗ, 2011ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಕಟುವಾಗಿ ಆಕ್ಷೇಪಿಸಿದುದರ ಫಲವಾಗಿ, ವಿವರಗಳನ್ನು ಕರ್ನಲ್‌ನಿಂದ ಹೊರತೆಗೆದು ಪ್ರತ್ಯೇಕ ಪಟ್ಟಿಯಲ್ಲಿ ಇಡುವ ಪದ್ಧತಿ ಈ ಜಾತಿಯ ಗಣಕಗಳಲ್ಲಿ ರೂಢಿಗೆ ಬಂದಿತು. ಆ ಪಟ್ಟಿಗೆ ಲಗತ್ತಿಸುವ ಅನುಬಂಧವೇ ಓವರ್‌ಲೇ. ಕರ್ನಲ್ಲನ್ನು ಮುಟ್ಟದೆ, ಒಂದೇ ಒಂದು ಸಾಲನ್ನು ಬರೆದು ದ್ವಾರವನ್ನು ತೆರೆಯಬಹುದಾದುದು ಈ ಸುಧಾರಣೆಯ ದೆಸೆಯಿಂದ.

ಆ ಸಾಲನ್ನು ಬರೆಯಬೇಕಾದುದು ‘ಬೂಟ್’ ವಿಭಾಗದಲ್ಲಿರುವ ‘ಕಾನ್ಫಿಗ್’ ಎಂಬ ಸಾದಾ ಪಠ್ಯದ ಕಡತದಲ್ಲಿ. 2023ರಿಂದೀಚಿನ ರಾಸ್ಪ್‌ಬೆರಿ ಪೈ ವ್ಯವಸ್ಥೆಯಲ್ಲಿ ಅದು ‘ಬೂಟ್’ನೊಳಗಿನ ‘ಫರ್ಮ್‌ವೇರ್’ ಕೋಶಕ್ಕೆ ಸರಿದಿದೆ. ಕಡತದ ಕೊನೆಗೆ, ನಡುವೆ ಜಾಗ ಬಿಡದೆ, ‘ಡಿಟಿಓವರ್‌ಲೇ’ ಎಂಬ ಪದ, ಸಮಚಿಹ್ನೆ, ‘ಯುಎಆರ್‌ಟಿ3’ ಇಷ್ಟನ್ನು ಆಂಗ್ಲ ಸಣ್ಣಕ್ಷರಗಳಲ್ಲಿ ಬರೆದು, ಉಳಿಸಿ, ಗಣಕವನ್ನು ಮರಳಿ ಚಾಲೂ ಮಾಡಿದರೆ ಮೂರನೆಯ ಯುಎಆರ್‌ಟಿ ಎಚ್ಚರಗೊಳ್ಳುತ್ತದೆ. ನಾಲ್ಕನೆಯ ಮಾದರಿಯಲ್ಲಿ ಅದು ಕಳುಹುವುದು 7ನೆಯ ಪಿನ್ನಿನಿಂದ, ಸ್ವೀಕರಿಸುವುದು 29ನೆಯದರಿಂದ. ಇನ್ನೊಂದು ಬೇಕಾದರೆ ಅಂಥದೇ ಮತ್ತೊಂದು ಸಾಲಿನಲ್ಲಿ 5 ಎಂದು ಬರೆಯತಕ್ಕದ್ದು. ಅದರ ಪಿನ್ನುಗಳು 32 ಮತ್ತು 33. ನಾಲ್ಕನೆಯದು 24 ಮತ್ತು 21ನೆಯ ಪಿನ್ನುಗಳನ್ನು ಹಿಡಿಯುತ್ತದೆ, ಆದರೆ ಅವು ಎಸ್‌ಪಿಐ ಎಂಬ ಬೇರೆ ಸಂಪರ್ಕಕ್ಕೂ ಬೇಕಾಗಿರುವುದರಿಂದ ಎರಡನ್ನೂ ಒಟ್ಟಿಗೆ ಬಳಸಲಾಗದು. ಎರಡನೆಯದರ 27 ಮತ್ತು 28ನೆಯ ಪಿನ್ನುಗಳು ಮೇಲೆ ಕೂರಿಸುವ ಉಪಫಲಕಗಳನ್ನು ಗುರುತಿಸುವುದಕ್ಕೆ ಮೀಸಲಾಗಿರುವುದರಿಂದ ಅದನ್ನು ಕಡೆಯ ಆಯ್ಕೆಯಾಗಿಟ್ಟುಕೊಳ್ಳುವುದೇ ಲೇಸು. ಹೀಗಾಗಿ ತಕ್ಕಡಿಗೆ ಮೂರನೆಯದು, ಹಾಲಿನ ಪರೀಕ್ಷಾಯಂತ್ರಕ್ಕೆ ಐದನೆಯದು, ಪ್ರಿಂಟರಿಗೆ ನಾಲ್ಕನೆಯದು ಎಂದು ಹಂಚಿದರೆ 8 ಮತ್ತು 10ನೆಯ ಪಿನ್ನುಗಳು ಮುಕ್ತವಾಗಿ ಉಳಿಯುತ್ತವೆ.

ಹಾಗೆ ಉಳಿಸಿಕೊಳ್ಳುವುದರಲ್ಲಿ ವಿವೇಕವಿದೆ. ಮೊದಲ ದ್ವಾರವನ್ನು ಲಿನಕ್ಸ್ ತನ್ನ ಕನ್ಸೋಲ್ ಆಗಿ ಬಳಸಬಲ್ಲದು: ಚಾಲೂ ಆಗುವಾಗಿನ ತನ್ನ ಎಲ್ಲ ವರದಿಗಳನ್ನೂ ಅಲ್ಲಿ ಒಪ್ಪಿಸಿ, ಬಳಕೆದಾರನ ಆಜ್ಞೆಗಳನ್ನು ಅಲ್ಲಿಯೇ ಕಾಯುತ್ತದೆ. ಕನ್ಸೋಲ್ ತೆರೆದಿರುವ ದ್ವಾರಕ್ಕೆ ತಕ್ಕಡಿಯನ್ನು ಜೋಡಿಸಿದರೆ, ತಕ್ಕಡಿ ಹೇಳಿದ ತೂಕವನ್ನು ಲಿನಕ್ಸ್ ಯಾರೋ ಟೈಪು ಮಾಡಿದ ಹೆಸರೆಂದು ಬಗೆದು ಗುಪ್ತಪದವನ್ನು ಕೇಳಲು ಹೊರಡುತ್ತದೆ. ಆ ದ್ವಾರವನ್ನು ಕನ್ಸೋಲಿಗೇ ಬಿಟ್ಟುಕೊಟ್ಟರೆ, ತೆರೆ ಕೆಟ್ಟು ನೆಟ್‌ವರ್ಕ್ ಸತ್ತ ದಿನ ಗಣಕದ ಒಳಗೇನಾಗಿದೆ ಎಂದು ನೋಡುವುದಕ್ಕೆ ಅದೊಂದೇ ಕಿಂಡಿಯಾಗಿ ಒದಗುತ್ತದೆ.

ದ್ವಾರ ತೆರೆದಿದೆಯೇ ಎಂಬುದನ್ನು ಪರೀಕ್ಷಿಸುವ ಕ್ರಮ ಅತ್ಯಂತ ಸುಲಭವಾದುದು. ಯಾವ ಯಂತ್ರವನ್ನೂ ಜೋಡಿಸದೆ, ಅದೇ ದ್ವಾರದ ಕಳುಹುವ ಪಿನ್ನಿಗೂ ಸ್ವೀಕರಿಸುವ ಪಿನ್ನಿಗೂ ನಡುವೆ ಗೇಣುದ್ದದ ವೈರನ್ನು ಸಿಕ್ಕಿಸಿ, ಪಿಕೋಕಾಮ್ ಅಥವಾ ಮಿನಿಕಾಮ್ ಎಂಬ ತಂತ್ರಾಂಶದಿಂದ ಆ ದ್ವಾರವನ್ನು ತೆರೆದು ಅಕ್ಷರಗಳನ್ನೊತ್ತಿದರೆ, ಒತ್ತಿದ ಅಕ್ಷರವೇ ಮರಳಿ ತೆರೆಯ ಮೇಲೆ ಮೂಡಬೇಕು. ವೈರನ್ನು ಕಿತ್ತೊಡನೆ ಮೂಡುವುದು ನಿಲ್ಲಬೇಕು. ಎರಡೂ ಆದರೆ ಗಣಕದ ಕಡೆಯ ಕೆಲಸವೆಲ್ಲ ಸರಿಯಾಗಿದೆ, ಇನ್ನು ದೋಷವಿದ್ದರೆ ಕೇಬಲ್ಲಿನಲ್ಲಿಯೋ ಯಂತ್ರದಲ್ಲಿಯೋ ಇದೆ ಎಂದು ನಿಶ್ಚಯಿಸಬಹುದು. ದ್ವಾರವು ‘ಟಿಟಿವೈಎಎಂಎ’ ಎಂಬ ಹೆಸರಿನ ಮುಂದೆ ಒಂದು ಅಂಕೆಯೊಡನೆ ಕಾಣಿಸಿಕೊಳ್ಳುತ್ತದೆ. ಆ ಅಂಕೆ ಕರ್ನಲ್‌ನ ಆವೃತ್ತಿಗೆ ತಕ್ಕಂತೆ ಬೇರೆಯಾಗುವುದುಂಟಾದುದರಿಂದ ‘ಡೆವ್’ ಕೋಶದಲ್ಲಿ ನೋಡಿಯೇ ತಿಳಿಯಬೇಕು. ತೆರೆಯಲು ಅನುಮತಿಯಿಲ್ಲವೆಂದು ಲಿನಕ್ಸ್ ತಕರಾರು ಮಾಡಿದರೆ ಬಳಕೆದಾರನನ್ನು ‘ಡಯಲ್‌ಔಟ್’ ಎಂಬ ಗುಂಪಿಗೆ ಸೇರಿಸಬೇಕು.

ಯುಎಸ್‌ಬಿ ಇದ್ದಮೇಲೆ ಇದೇಕೆ?

ಅಂಗಡಿಯಲ್ಲಿ ಸಿಗುವ ಯುಎಸ್‌ಬಿ ಪರಿವರ್ತಕಗಳನ್ನು ಎಷ್ಟು ಬೇಕಾದರೂ ಸಿಕ್ಕಿಸಬಹುದಲ್ಲ ಎಂದು ಓದುಗರು ಕೇಳಬಹುದು. ಸಿಕ್ಕಿಸಬಹುದು, ಬಹು ಕಡೆ ಅದೇ ನಡೆದಿದೆ. ಆದರೆ ಲಿನಕ್ಸ್ ಅವುಗಳಿಗೆ ಹೆಸರಿಡುವುದು ಎದುರಾದ ಅನುಕ್ರಮದಲ್ಲಿ: ಮೊದಲು ಕಂಡದ್ದು ಸೊನ್ನೆ, ಆಮೇಲಿನದು ಒಂದು. ಕರೆಂಟು ಹೋಗಿ ಬಂದು ಗಣಕ ಮತ್ತೆ ಎದ್ದಾಗ ಅನುಕ್ರಮ ತಿರುಗುಮುರುಗಾದರೆ, ನಿನ್ನೆ ತಕ್ಕಡಿಯಾಗಿದ್ದ ಹೆಸರು ಇಂದು ಪರೀಕ್ಷಾಯಂತ್ರದ್ದಾಗುತ್ತದೆ. ಅಗ್ಗದ ಪರಿವರ್ತಕಗಳಲ್ಲಿ ಹಲವಕ್ಕೆ ಪ್ರತ್ಯೇಕ ಕ್ರಮಸಂಖ್ಯೆಯೇ ಇಲ್ಲವಾಗಿ, ಒಂದೇ ಬಗೆಯ ಎರಡನ್ನು ಯಾವ ಸಾಕೆಟ್ಟಿಗೆ ಸಿಕ್ಕಿಸಿದೆ ಎಂಬುದರಿಂದ ಮಾತ್ರ ಬೇರ್ಪಡಿಸಬೇಕಾಗುತ್ತದೆ. ಕಸ ಗುಡಿಸುವವರು ಎರಡು ಕೇಬಲ್ಲುಗಳನ್ನು ಅದಲುಬದಲಾಗಿ ಸಿಕ್ಕಿಸಿದರೆ ಅದೂ ಹೋಯಿತು. ಹಲಗೆಯ ಮೇಲಣ ಸಹಜ ದ್ವಾರವಾದರೋ ತನ್ನ ಪಿನ್ನುಗಳಿಗೆ ಕಟ್ಟುಬಿದ್ದಿದೆ. ಇಪ್ಪತ್ತು ಬಾರಿ ಕರೆಂಟು ಹೋದರೂ 7ನೆಯ ಪಿನ್ನು 7ನೆಯ ಪಿನ್ನಾಗಿಯೇ ಉಳಿಯುತ್ತದೆ. ಊರಿನ ವಿದ್ಯುತ್ತಿನ ಸ್ಥಿತಿಯನ್ನು ಬಲ್ಲವರಿಗೆ ಈ ವಾದವೊಂದೇ ಸಾಕು.

3.3 ವೋಲ್ಟಿನ ಲಕ್ಷ್ಮಣರೇಖೆ

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಈ ಪಿನ್ನುಗಳು ಸಹಿಸಬಲ್ಲುದು 3.3 ವೋಲ್ಟುಗಳನ್ನು ಮಾತ್ರ. ಆರ್‌ಎಸ್-232ರ ನಿಯಮದಂತೆ ಮಾತನಾಡುವ ತಕ್ಕಡಿಯಾದರೋ ಒಂದನ್ನು ಋಣ ವೋಲ್ಟಿನಲ್ಲಿಯೂ ಸೊನ್ನೆಯನ್ನು ಧನ ವೋಲ್ಟಿನಲ್ಲಿಯೂ ಹೇಳುತ್ತದೆ, ಮತ್ತು ಆ ಮಟ್ಟ 15 ವೋಲ್ಟುಗಳ ಪರ್ಯಂತ ಏರಬಹುದು. ಅದರ ತಂತಿಯನ್ನು ನೇರವಾಗಿ ಪಿನ್ನಿಗೆ ಮುಟ್ಟಿಸಿದರೆ ಪಿನ್ನಷ್ಟೇ ಅಲ್ಲ, ಗಣಕದ ಮುಖ್ಯ ಚಿಪ್ಪೇ ಸುಟ್ಟುಹೋಗಬಹುದು. ನಡುವೆ ಮ್ಯಾಕ್ಸ್-3232 ಎಂಬ ಜಾತಿಯ ಮಟ್ಟಪರಿವರ್ತಕ ಚಿಪ್ಪು ಇರಲೇಬೇಕು. ಅದರ ಬೆಲೆ ಗಣಕದ ಬೆಲೆಯ ಮುಂದೆ ನಗಣ್ಯ. ಒಂದರ ಕಳುಹುವ ತಂತಿ ಇನ್ನೊಂದರ ಸ್ವೀಕರಿಸುವ ಪಿನ್ನಿಗೆ ಸೇರಬೇಕೆಂಬುದನ್ನೂ, ಗ್ರೌಂಡ್ ತಂತಿಯನ್ನು ಬಿಟ್ಟರೆ ಯಾವ ಮಾತೂ ನೆಟ್ಟಗೆ ಕೇಳಿಸದೆಂಬುದನ್ನೂ ಮರೆಯಬಾರದು. ಆರ್‌ಎಸ್-232 ತಂತಿಯನ್ನು ಹದಿನೈದು ಮೀಟರಿನಷ್ಟು ದೂರಕ್ಕೆ ನಂಬಬಹುದು. ಹೊಲದ ಅಂಚಿನ ಪಂಪಿನ ಮನೆಯಂತಹ ದೂರದ ಜಾಗಗಳಿಗೆ ಸಾವಿರ ಮೀಟರುಗಳಿಗೂ ಮೀರಿ ಸಾಗಬಲ್ಲ ಆರ್‌ಎಸ್-485 ಬೇಕಾಗುತ್ತದೆ.

ಡೇರಿಯಿಂದಾಚೆಗೆ

ಈ ವಿದ್ಯೆ ಹಾಲಿಗೆ ಮಾತ್ರ ಸೀಮಿತವಾದುದಲ್ಲ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡುವ ಘಟಕವಾಗಿ ಹುಟ್ಟಿ, ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಹೆಸರಾಗಿರುವ ಸಂಸ್ಥೆಯು ರಾಜ್ಯದಲ್ಲಿ ಗ್ರಾಮ ಪಂಚಾಯತಿಗೊಂದರಂತೆ ನೆಟ್ಟಿರುವ, ಸೌರಶಕ್ತಿಯಿಂದ ನಡೆಯುವ ಸುಮಾರು 6,500 ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಲೆಕ್ಕ ಒಪ್ಪಿಸುತ್ತವೆ. ಇಂತಹ ಯಂತ್ರಗಳಲ್ಲಿ ಅಳೆಯುವ ಭಾಗಕ್ಕೂ ಸುದ್ದಿ ಕಳುಹುವ ಮೋಡೆಮ್‌ಗೂ ನಡುವೆ ಸಾಮಾನ್ಯವಾಗಿ ಇರುವುದು ಇದೇ ಸೀರಿಯಲ್ ತಂತಿ. ಮಣ್ಣಿನ ತೇವವನ್ನಳೆಯುವ ಸಲಾಕೆ, ಗಾಳಿಯ ವೇಗಮಾಪಕ, ಕೊಳವೆಬಾವಿಯ ವಿದ್ಯುತ್ ಮೀಟರು, ಜಿಪಿಎಸ್ ಚಿಪ್ಪು, ಇವೆಲ್ಲವೂ ಇದೇ ಭಾಷೆಯನ್ನು ಬಲ್ಲವು. ಕೊಪ್ಪಳದಲ್ಲಿಯೋ ಯಲಬುರ್ಗಾದಲ್ಲಿಯೋ ಐಟಿಐ ಓದುತ್ತಿರುವ ಹುಡುಗಿಯೊಬ್ಬಳು ಒಂದು ದ್ವಾರವನ್ನು ತೆರೆಯುವುದನ್ನು ಚೆನ್ನಾಗಿ ಕಲಿತರೆ ಅವಳಿಗೆ ಈ ಅಷ್ಟೂ ಯಂತ್ರಗಳ ಬಾಗಿಲು ತೆರೆದಂತೆಯೇ.

ಆದರೆ ದ್ವಾರ ತೆರೆದ ಮೇಲೆಯೂ ಒಂದು ಗೋಡೆ ಉಳಿಯುತ್ತದೆ, ಅದನ್ನು ಕಟ್ಟಿದವರು ಯಂತ್ರ ಮಾರುವವರು. ತಕ್ಕಡಿ ಯಾವ ವೇಗದಲ್ಲಿ, ಯಾವ ಅನುಕ್ರಮದಲ್ಲಿ ಅಂಕೆಗಳನ್ನು ಕಳುಹುತ್ತದೆ ಎಂಬ ವಿವರವನ್ನು ಎಷ್ಟೋ ಬಾರಿ ಅವರು ಕೊಳ್ಳುವವರಿಗೆ ಕೊಡುವುದೇ ಇಲ್ಲ; ಯಂತ್ರ ಕೆಟ್ಟಾಗ ಅವರ ಮೆಕ್ಯಾನಿಕ್ಕೇ ಬರಬೇಕು, ಬರುವ ತನಕ ಹಾಲನ್ನು ಕೈಯಲ್ಲಿ ಬರೆದುಕೊಳ್ಳಬೇಕು. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಇಟಗಿಯಲ್ಲಿ ದೇವಾಲಯವನ್ನು ಕಟ್ಟಿಸಿ, ಅದು ಯಾರ ಕೃತಿ, ಯಾವ ಕಾಲದ್ದು ಎಂಬುದನ್ನು ಶಾಸನದಲ್ಲಿ ಬರೆಯಿಸಿಟ್ಟುದರಿಂದ, ‘ದೇವಾಲಯ ಚಕ್ರವರ್ತಿ’ ಎಂದು ಅದು ಹೊಗಳಿಸಿಕೊಂಡುದು ಒಂಬೈನೂರು ವರ್ಷಗಳ ಮೇಲೆಯೂ ನಮಗೆ ತಿಳಿದಿದೆ. ಹೋದ ವರ್ಷ ಕೊಂಡ ತಕ್ಕಡಿಯ ವಿವರ ಒಂದು ಹಾಳೆಯ ಮೇಲೂ ಇಲ್ಲದಿರುವುದನ್ನು ನಾವು ಏಕೆ ಸಹಿಸಬೇಕು?

ಆದುದರಿಂದ ಹಾಲು ಉತ್ಪಾದಕರ ಸಂಘಗಳ ಕಾರ್ಯದರ್ಶಿಗಳಲ್ಲಿಯೂ ಪಂಚಾಯತಿಯ ಸದಸ್ಯರಲ್ಲಿಯೂ ನನ್ನ ವಿನಂತಿಯಿಷ್ಟು. ಸೀರಿಯಲ್ ದ್ವಾರವುಳ್ಳ ಯಾವ ಯಂತ್ರವನ್ನೇ ಕೊಳ್ಳಿರಿ, ಹಣ ಕೊಡುವ ಮುನ್ನ ಅದರ ಬಾಡ್ ರೇಟ್, ಬಿಟ್‌ಗಳ ಕ್ರಮ, ವೋಲ್ಟಿನ ಮಟ್ಟ, ಪಿನ್ನುಗಳ ನಕ್ಷೆ ಮತ್ತು ಅದು ಕಳುಹುವ ಸಾಲಿನ ಒಂದು ಮಾದರಿ, ಇವನ್ನು ಬರೆಹದಲ್ಲಿ ಕೇಳಿ ಪಡೆಯಿರಿ. ಕೊಡಲು ಒಪ್ಪದವರ ಯಂತ್ರವನ್ನು ಕೊಳ್ಳಬೇಡಿರಿ.